ಮೈದಾನಕ್ಕೆ ಗೆರೆ ಎಳೆಯುತ್ತಿದ್ದ ಹಿರಿಯರಿಗೆ ಧನ್ಯವಾದ

ಸೀಸನ್ ಶುರುವಾಗುವ ಮುಂಚಿನ ಸೌಹಾರ್ದ ಪಂದ್ಯ ನೋಡಲು ಆ ಪುಟ್ಟ ಫುಟ್‌ಬಾಲ್ ಕ್ಲಬ್ಬಿಗೆ ಬಂದಿದ್ದೆ. ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಪರಿಚಯವೇ ಇಲ್ಲದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟ ಬಿಡಿಸಿ ಹೇಳಿದಿರಿ.

ವಿರಾಮದ ನಂತರ ಹೆಚ್ಚುಕಡಿಮೆ ಇಡೀ ತಂಡವೇ ಬದಲಾಗಿತ್ತು. ಯಾಕೆ ಹೀಗೆ ಅಂತ ಕೇಳಿದೆ. ಈಗ ಗೆಲುವಿಗಿಂತ 90 ನಿಮಿಷ ಓಡುವ ದಮ್ಮು ಬರುವುದು ಮುಖ್ಯ, ಅದಕ್ಕೇ ಎಲ್ಲರಿಗೂ ಸ್ವಲ್ಪ ಸ್ವಲ್ಪ ಆಟ ಅಂದಿರಿ. ಅಂಗಿಯ ಮೇಲೆ ಹೆಸರಿಲ್ಲದ ಹುಡುಗ ಟ್ರಯಲ್‌ಗೆ ಬಂದವನು, ಚೆಂಡು ಕಳೆದುಕೊಂಡ ಮೇಲೆ ಏನು ಮಾಡುತ್ತಾನೆ ನೋಡಿ ಅಂದಿರಿ. ಆಮೇಲೆ ನಾನು ಅವನನ್ನೇ ನೋಡಿದೆ. ಎಂಥ ಓಟ, ಅಲ್ವಾ!

ಸಂಬಳವಿಲ್ಲದೆ ಇಷ್ಟೆಲ್ಲ ಮಾಡುವ ನಿಮಗೆ ತುಂಬು ಮನಸ್ಸಿನ ಧನ್ಯವಾದ. ಲೀಗ್‌ನ ಮೊದಲ ಪಂದ್ಯಕ್ಕೂ ಖಂಡಿತ ಬರುತ್ತೇನೆ.