ಹದಿನಾಲ್ಕು ಸಲ ‘ಕಷ್ಟಪಟ್ಟು’

ತಂಗೀ,

ನಿನ್ನ ಅನುವಾದ ಎರಡು ಸಲ ಓದಿದೆ. ಕಥೆ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ‘ಕಷ್ಟಪಟ್ಟು’ ಅನ್ನೋದು 14 ಸಲ ಬಂದಿದೆ. ಇಂಗ್ಲಿಷ್ ಮೂಲದಲ್ಲಿ ಅಲ್ಲೆಲ್ಲ ಒಂದೇ ಪದ ಇಲ್ಲ. ಒಂದು ಕಡೆ ಟಾಯ್ಲ್, ಒಂದು ಕಡೆ ಸ್ಲಾಗ್, ಇನ್ನೊಂದು ಕಡೆ ಪ್ಲಾಡ್, ಗ್ರೈಂಡ್. ನೀನು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದುಬಿಟ್ಟಿದ್ದೀಯ.

ಟಾಯ್ಲ್ ನೋಡು. ಲ್ಯಾಟಿನ್‌ನಲ್ಲಿ ಟುಡಿಕುಲಾ ಅಂದರೆ ಆಲಿವ್ ಕಾಯಿ ಜಜ್ಜುವ ಯಂತ್ರ. ಅದರಿಂದ ‘ಜಜ್ಜು, ಕಲಕು’ ಅನ್ನೋ ಕ್ರಿಯಾಪದ ಹುಟ್ಟಿತು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಮೊದಲು ಅದಕ್ಕೆ ಜಗಳ, ತಂಟೆ ಅನ್ನೋ ಅರ್ಥ ಇತ್ತು. ಬೆವರಿನ ದುಡಿಮೆ ಆಮೇಲೆ ಸೇರಿಕೊಂಡಿತು. ಸ್ಲಾಗ್ ನಮಗೆ ಕ್ರಿಕೆಟ್‌ನಿಂದ ಗೊತ್ತು. ತಮಾಷೆ ಏನೆಂದರೆ, 19ನೇ ಶತಮಾನದಲ್ಲಿ ಆ ಪದಕ್ಕೆ ಮೊದಲಿದ್ದದ್ದು ‘ಬಲವಾಗಿ ಬಾರಿಸು’ ಅನ್ನೋ ಅರ್ಥವೇ. ಪಟ್ಟುಹಿಡಿದು ನಡೆ, ದುಡಿ ಅನ್ನೋದು ನಂತರದ್ದು. ಪ್ಲಾಡ್ ಅಂದರೆ ಭಾರವಾಗಿ ಹೆಜ್ಜೆ ಹಾಕೋದು; ಆ ಪದ ಬಹುಶಃ ಬರೀ ಹೆಜ್ಜೆ ಸಪ್ಪಳದಿಂದ ಹುಟ್ಟಿದ್ದು.

ನನಗೆ ಎಲ್ಲಕ್ಕಿಂತ ಇಷ್ಟ ಟ್ರವೇಲ್. ಅದರ ಮೂಲ ಲ್ಯಾಟಿನ್‌ನ ಟ್ರಿಪಾಲಿಯಂ, ಅಂದರೆ ಮೂರು ಗೂಟ. ಜನರನ್ನು ಅದಕ್ಕೆ ಕಟ್ಟಿ ಹಿಂಸೆ ಕೊಡುತ್ತಿದ್ದರು. ಫ್ರೆಂಚರಿಗೆ ಆ ಪದವೇ ಇವತ್ತು ‘ಕೆಲಸ’. ಇಂಗ್ಲಿಷಿನಲ್ಲಿ ಅದು ಎರಡಾಗಿ ಒಡೆಯಿತು: ಒಂದು ಟ್ರವೇಲ್, ಯಾತನೆ; ಇನ್ನೊಂದು ಟ್ರಾವೆಲ್, ಪ್ರಯಾಣ! ದಸರಾ ರಜೆಯಲ್ಲಿ ಸೀಟು ಸಿಗದೆ ಬಸ್ಸಲ್ಲಿ ನಿಂತೇ ಊರಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗೂಟದ ಹುಚ್ಚಿನಲ್ಲಿ ಒಮ್ಮೆ ಜಾರಿ ಬಿದ್ದಿದ್ದೇನೆ. ಪೇನ್ಸ್‌ಟೇಕಿಂಗ್ ಅನ್ನೋ ಪದದಲ್ಲೂ ‘ಸ್ಟೇಕ್’ ಇದೆ, ಅಂದರೆ ನೋವಿನ ಗೂಟ ಅಂತ ಲೇಖನದಲ್ಲಿ ಠೀವಿಯಿಂದ ಬರೆದೆ. ಅಚ್ಚಾದ ಮೇಲೆ ಕರಡು ತಿದ್ದುವ ಹಿರಿಯರೊಬ್ಬರು ಪುಟ ಎದುರಿಗಿಟ್ಟು, ‘ಸಾರ್, ಪದ ಎಲ್ಲಿ ಮುರೀಬೇಕು ನೋಡಿ’ ಅಂದರು. ಪೇನ್ಸ್, ಟೇಕಿಂಗ್. ಶ್ರಮ ವಹಿಸೋದು, ಅಷ್ಟೆ. ಗೂಟ ನಾನೇ ನೆಟ್ಟಿದ್ದೆ. ಅವತ್ತಿನಿಂದ ನಿಘಂಟು ತೆಗೆಯದೆ ಪದದ ಮೂಲ ಹೇಳಲ್ಲ. ನೀನೂ ಹೇಳಬೇಡ.

ಹಾಗಂತ ನಿನ್ನ ಕಥೆಯೊಳಗೆ ಆಲಿವ್ ಯಂತ್ರ ತಂದು ಕೂರಿಸು ಅನ್ನುತ್ತಿಲ್ಲ. ಮೂಲದ ಪದದಲ್ಲಿ ಮೈ ಏನು ಮಾಡುತ್ತಿದೆ ನೋಡು. ಜಜ್ಜುತ್ತಿದೆಯೋ, ಸವೆಯುತ್ತಿದೆಯೋ, ಕಾಲೆಳೆಯುತ್ತಿದೆಯೋ? ನಮ್ಮಲ್ಲೂ ಅದಕ್ಕೆ ಬೇರೆಬೇರೆ ಮಾತಿದೆ. ಏಗೋದು ಬೇರೆ, ಹೆಣಗೋದು ಬೇರೆ. ಮಂಡ್ಯ ಕಡೆ ‘ಗೇಯೋದು’ ಅಂತಾರಲ್ಲ, ಹಳಗನ್ನಡದ ‘ಗೆಯ್’ ಅಂದರೆ ಬರೀ ‘ಮಾಡು’. ಮಾಡುವ ಕೆಲಸವೆಲ್ಲ ಹೊಲದಲ್ಲೇ ಇದ್ದವರ ಬಾಯಲ್ಲಿ ಅದಕ್ಕೆ ಬೆವರು ಹತ್ತಿತು ಅಂತ ನನ್ನ ಊಹೆ. ನಿನ್ನ ಕಥೆಯ ರೈತನಿಗೆ ಅದು ಹೊಂದುತ್ತದೆ. ಲಂಡನ್ನಿನ ಗುಮಾಸ್ತ ಗೇಯ್ದರೆ ಮಾತ್ರ ನಗು ಬರುತ್ತದೆ, ಅಲ್ವಾ?

ಎರಡು ವಾಕ್ಯ ನಾನೇ ತಿದ್ದಿ ನೋಡಿದೆ. ‘ಮುದುಕ ಕಷ್ಟಪಟ್ಟು ಗುಡ್ಡ ಹತ್ತಿದ’ ಅಂತ ನೀನು ಬರೆದಿದ್ದೆ. ಮೂಲದಲ್ಲಿ ಪ್ಲಾಡ್ ಇದೆ. ‘ಮುದುಕ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಗುಡ್ಡ ಹತ್ತಿದ’ ಅಂದರೆ ಅವನ ಚಪ್ಪಲಿ ಕಾಣುತ್ತದೆ. ಇನ್ನೊಂದು, ‘ಅವಳು ವರ್ಷಗಟ್ಟಲೆ ಕಷ್ಟಪಟ್ಟು ಅಂಗಡಿಯ ಲೆಕ್ಕ ಬರೆದಳು’. ಅಲ್ಲಿರೋದು ಗ್ರೈಂಡ್. ನಾನು ಮೊದಲು ‘ಅರೆದಳು’ ಅಂತ ಹಾಕಿದೆ, ಚಟ್ನಿ ನೆನಪಾಯ್ತು. ‘ಬೀಸಿದಳು’ ಅಂದರೆ ರಾಗಿ. ಕೊನೆಗೆ ಗಂಧದ ಕೊರಡು ಹೊಳೆಯಿತು: ‘ಅಂಗಡಿಯ ಲೆಕ್ಕದಲ್ಲೇ ವರ್ಷಗಳನ್ನು ತೇಯ್ದಳು’. ಇದೂ ನಿನಗೆ ಒಪ್ಪಿಗೆ ಆಗದಿದ್ದರೆ ಬದಲಾಯಿಸು. ಮೂರು ದಿನ ಬೇಕಾಯ್ತು ಇಷ್ಟಕ್ಕೆ, ಸುಮ್ನೆ ಹೇಳ್ತಿಲ್ಲ.

ಉಳಿದದ್ದು ಹನ್ನೆರಡು. ಅದರಲ್ಲಿ ಕೊನೇ ಪುಟದ್ದನ್ನು ಮಾತ್ರ ಮುಟ್ಟಬೇಡ. ಮಗು ಕಳಕೊಂಡ ಆ ಹೆಂಗಸು ನಿಜಕ್ಕೂ ಕಷ್ಟಪಟ್ಟಿದ್ದಾಳೆ.

ಇಂತಿ,
ನಿನ್ನ ಅಣ್ಣ