ಮೊದ್ಲು ಚಳಿಗಾಲದ ಬಿಸಿಲು ನೋಡು ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಡ್ರಾಯಿಂಗ್ ಎರಡು ಸಲ ನೋಡ್ದೆ, ಹಾಲ್ ಒಳಗೇ ಬಿಸಿಲು ಗಡಿಯಾರ ಮಾಡೋ ಯೋಚನೆ ತುಂಬಾ ಇಷ್ಟ ಆಯ್ತು. ಛಾವಣೀಲಿ ಒಂದು ಸಣ್ಣ ತೂತು, ನೆಲದಲ್ಲಿ ಉತ್ತರ ದಕ್ಷಿಣಕ್ಕೆ ಒಂದು ಗೆರೆ, ಮಧ್ಯಾಹ್ನ ಸೂರ್ಯನ ಬಿಂಬ ಆ ಗೆರೆ ದಾಟತ್ತೆ. ಇಟಲಿಯ ಬೊಲೊನ್ಯಾ ಊರಿನ ಸಾನ್ ಪೆತ್ರೋನಿಯೊ ಚರ್ಚಲ್ಲಿ 1655ರಲ್ಲಿ ಖಗೋಳ ವಿಜ್ಞಾನಿ ಕ್ಯಾಸಿನಿ ಮಾಡಿದ್ದೂ ಇದನ್ನೇ, ಅಲ್ಲಿ ತೂತು ಸುಮಾರು 27 ಮೀಟರ್ ಎತ್ತರದಲ್ಲಿದೆ.

ಆದ್ರೆ ನೀನು ಹಾಕಿರೋ ಲೆಕ್ಕ ಎಲ್ಲಾ ಬೇಸಿಗೇದು. ತೂತು 10 ಮೀಟರ್ ಎತ್ತರ, ಜಾಗ 45 ಡಿಗ್ರಿ ಉತ್ತರ ಅಕ್ಷಾಂಶ ಅಂತಿಟ್ಕೋ. ಜೂನಲ್ಲಿ ಬಿಂಬ ತೂತಿನ ನೇರ ಕೆಳಗಿಂದ 4 ಮೀಟರ್ ದೂರ ಬೀಳತ್ತೆ, ಡಿಸೆಂಬರಲ್ಲಿ 25 ಮೀಟರ್! ಅಷ್ಟು ನೆಲ ಇದ್ಯಾ? ಇದ್ರೂ, ಬೇಸಿಗೇಲಿ ಸುಮಾರು 10 ಸೆಂಟಿಮೀಟರ್ ಅಗಲ ಇದ್ದ ಬೆಳಕು ಚಳಿಗಾಲದಲ್ಲಿ 25 ಸೆಂಟಿಮೀಟರ್ ಅಗಲ, ಮುಕ್ಕಾಲು ಮೀಟರ್ ಉದ್ದಕ್ಕೆ ಎಳ್ಕೊಂಡು ಮಂಕಾಗತ್ತೆ, ಅದೇ ಬೆಳಕು ಅಷ್ಟು ಜಾಗಕ್ಕೆ ಹರಡ್ಬೇಕಲ್ಲ. ಹಾಲಿನ ಲೈಟೆಲ್ಲ ಉರೀತಿದ್ರೆ ಯಾರ ಕಣ್ಣಿಗೂ ಬೀಳಲ್ಲ. ತೂತು ದೊಡ್ಡದು ಮಾಡೋಣ ಅನ್ಸತ್ತೆ, ಮಾಡಿದ್ರೆ ಬಿಂಬದ ಅಂಚು ಮಸುಕಾಗತ್ತೆ. ಕ್ಯಾಸಿನಿ ತೂತಿನ ಅಗಲವನ್ನ ಅದರ ಎತ್ತರದ ಸಾವಿರದಲ್ಲೊಂದು ಪಾಲು ಇಟ್ಟಿದ್ದ, ನೀನೂ 10 ಮಿಲಿಮೀಟರಿಂದ ಶುರು ಮಾಡು, ಗೆರೆಯ ಚಳಿಗಾಲದ ಕೊನೇಲಿ ಲೈಟ್ ಹಾಕ್ಬೇಡಿ ಅಂತ ಎಲೆಕ್ಟ್ರಿಕಲ್ ಪ್ಲಾನ್ ಮಾಡೋರಿಗೆ ಈಗ್ಲೇ ಹೇಳು.

ಉತ್ತರ ದಿಕ್ಕಿಗೆ ದಯವಿಟ್ಟು ಕಂಪಾಸ್ ನಂಬ್ಬೇಡ. ನಾನು ನಂಬಿ ಕೆಟ್ಟಿದ್ದೀನಿ, ಕಾಂಕ್ರೀಟ್ ಒಳಗಿನ ಕಬ್ಬಿಣ ಮುಳ್ಳನ್ನ ಎಳ್ದುಬಿಡತ್ತೆ, ಗೆರೆ ಒಂದೇ ಡಿಗ್ರಿ ಓರೆಯಾದ್ರೂ ಚಳಿಗಾಲದಲ್ಲಿ ಹತ್ತತ್ರ 4 ನಿಮಿಷ ತಪ್ಪು, ಹಾಕಿದ್ದ ಕಲ್ಲೆಲ್ಲ ಕೀಳ್ಬೇಕಾಯ್ತು. ತೂತಿಂದ ತೂಕದ ಗುಂಡು ಇಳಿಬಿಟ್ಟು ಕೆಳಗೆ ಗುರುತು ಮಾಡು, ಆಮೇಲೆ ಆ ಜಾಗದಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ದಕ್ಷಿಣಕ್ಕೆ ಬರೋ ಕ್ಷಣ ಲೆಕ್ಕ ಹಾಕಿ, ಆಗ ಬಿಂಬದ ನಡು ಎಲ್ಲಿದೆಯೋ ಅಲ್ಲಿ ಇನ್ನೊಂದು ಗುರುತು. ಮೋಡ ಬಂದ್ರೆ ಇನ್ನೊಂದು ದಿನ ಕಾಯ್ಬೇಕು, ಕಾಯಿ.

ವಾಚ್ ನೋಡಿ ತಪ್ಪಿದೆ ಅಂತ ಜನ ದೂರ್ತಾರೆ. ರೇಖಾಂಶದ ವ್ಯತ್ಯಾಸ ಬಿಟ್ರೂ ಸೂರ್ಯ ಫೆಬ್ರವರೀಲಿ ಸುಮಾರು 14 ನಿಮಿಷ ಹಿಂದೆ, ನವೆಂಬರ್ ಶುರುವಲ್ಲಿ 16 ನಿಮಿಷ ಮುಂದೆ ಇರ್ತಾನೆ, ಅದನ್ನ ಗೆರೆ ಪಕ್ಕದಲ್ಲೇ ಒಂದು ಫಲಕದಲ್ಲಿ ಬರೆಸು.

ಕಲ್ಲಿಗೆ ಆರ್ಡರ್ ಈಗ್ಲೇ ಕೊಡ್ಬೇಡಮ್ಮ. ಡಿಸೆಂಬರ್ 21ರ ಆಸುಪಾಸು ತೂತು ಕೊರೆದ ಒಂದು ತಗಡು ಮೇಲೆ ಕೂರಿಸಿ, ಲೈಟೆಲ್ಲ ಹಾಕ್ಸಿ, ಮಧ್ಯಾಹ್ನ ಅಲ್ಲೇ ನಿಂತು ನೋಡು. ಬಿಂಬ ಕಾಣ್ತೋ ಇಲ್ವೋ ಅಂತ ಅವತ್ತೇ ನಂಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ