ನಾಲ್ಕೂವರೆ ಗಂಟೆ

ಅಪ್ಪ ನಿನ್ನೆ ಮತ್ತೆ ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತರು. ಬೆಳಿಗ್ಗೆ ಡೊಂಬಿವಲಿಯಿಂದ ನಾನೇ ಕರೆದುಕೊಂಡು ಹೊರಟೆ, ಸ್ಲೋ ಲೋಕಲ್ ಹಿಡಿದು ಮಾಟುಂಗದಲ್ಲಿ ಇಳಿದೆವು. ದಿನಕ್ಕೆ ಎರಡು ಗಂಟೆ ಸಾಕು ಅಂತ ಡಾಕ್ಟರ್ ಹೇಳಿದ್ದಾರೆ. ಎರಡು ಗಂಟೆ ಆಯ್ತು, ಹೊರಡೋಣ ಅಂದರೆ "ಇನ್ನು ಹತ್ತು ನಿಮಿಷ ಇರು" ಅಂದರು. ಆ ಹತ್ತು ನಿಮಿಷದಲ್ಲಿ, ಅಪ್ಪ ಚಿಲ್ಲರೆ ಎಣಿಸುವುದನ್ನು ನೋಡುತ್ತಾ ಎದುರಿನ ಟೇಬಲ್ಲಿನಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದೆ.

ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹೋಟೆಲ್ ಅಡಿಗೆಮನೆಯ ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿ ಮಾರ್ಚ್ ಕೊನೆಗೆ ಬಂದೆ. ಸರ್ಟಿಫಿಕೇಟೂ ಕೈಗೆ ಬಂತು. ಜನವರಿಯಲ್ಲಿ ಅಪ್ಪ ಗಲ್ಲಾದಲ್ಲೇ ಕುಸಿದು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು, ನಿಮ್ಮಲ್ಲಿ ಅರ್ಧ ಜನ ಆಸ್ಪತ್ರೆಗೆ ಬಂದವರೇ. ಅದನ್ನು ಮತ್ತೆ ಬರೆಯುವುದಿಲ್ಲ.

ಕಾಲಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ನನಗೆ ಜರ್ಮನ್ ಕಲಿಸಿದ ಮೇಡಂ, ವೀಸಾ ಕಾಗದಗಳನ್ನು ಒಂದೊಂದಾಗಿ ಜೋಡಿಸಿಕೊಟ್ಟ ಕಾಲೇಜಿನ ಸರ್, ಹದಿನೈದು ದಿನ ಅಮ್ಮನಿಗೆ ಡಬ್ಬಿ ಕಳಿಸಿದ ನಮ್ಮ ಬಿಲ್ಡಿಂಗಿನ ಅಕ್ಕಂದಿರು, ಸಂಘದ ಹಿರಿಯರು, ತನ್ನ ಉಣ್ಣೆಯ ಕೋಟನ್ನೇ ಬಿಚ್ಚಿಕೊಟ್ಟ ಫ್ರೈಬುರ್ಗ್‌ನ ಕೇರಳದ ನರ್ಸ್ ಚೇಚಿ, ಎಲ್ಲರಿಗೂ ಕೈಮುಗಿದು ನಮಸ್ಕಾರ. ನಿಮ್ಮಲ್ಲಿ ಒಬ್ಬರು ಕಡಿಮೆ ಆಗಿದ್ದರೂ ನಾನು ಅರ್ಧದಲ್ಲೇ ವಾಪಸ್ ಬರುತ್ತಿದ್ದೆ.

ಅಲ್ಲಿ ಹೇಗಿತ್ತು ಅಂತ ಎಲ್ಲರೂ ಕೇಳುತ್ತೀರಿ. ಅಕ್ಟೋಬರಿನಲ್ಲಿ ಹೋದಾಗ ಊರು ನೋಡಿ ಕಣ್ಣು ತುಂಬಿತ್ತು. ಹಳೆ ಪೇಟೆಯ ಬೀದಿಗಳಲ್ಲಿ ಒಂದು ಗೇಣು ಆಳದ ನೀರಿನ ಕಾಲುವೆಗಳು ಹರಿಯುತ್ತವೆ, ಮಕ್ಕಳು ಅದರಲ್ಲಿ ಮರದ ದೋಣಿ ಬಿಡುತ್ತವೆ. ನಮ್ಮೂರ ತೋಡಿನ ನೆನಪು. ಆಮೇಲೆ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಅಲ್ಲಿಯವರೆಗೆ ಮುಂಬಯಿಗೂ ನನಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಯ್ತು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆ ದಾಟುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ. ಭಾನುವಾರ ಅಂಗಡಿಗಳೆಲ್ಲ ಬಂದ್. ಶನಿವಾರ ಹಾಲು, ಅಕ್ಕಿ ತರಲು ಮರೆತರೆ ಸೋಮವಾರದವರೆಗೆ ಕಾಯಬೇಕು. ಅಂಥ ಒಂದು ಭಾನುವಾರ ಬರೀ ಸೇಬು ತಿಂದು ಕಳೆದ ಮೇಲೆ, ವಾರದ ಸಾಮಾನು ಪಟ್ಟಿ ಬರೆಯುವುದು, ದುಡ್ಡಿನ ಲೆಕ್ಕ ಇಡುವುದು, ಮಾರನೇ ದಿನದ ಬಟ್ಟೆ ಹಿಂದಿನ ರಾತ್ರಿಯೇ ತೆಗೆದಿಡುವುದು ಎಲ್ಲ ತಾನಾಗಿ ಬಂತು. ಅಮ್ಮ ಹತ್ತು ವರ್ಷ ಹೇಳಿದರೂ ಬರದೇ ಇದ್ದದ್ದು.

ಕಷ್ಟವಾಗಿದ್ದು ಬೇರೆಯೇ. ಮೊದಲ ತಿಂಗಳು ಅಡಿಗೆಮನೆಯಲ್ಲಿ ಯಾರು ಏನು ಹೇಳಿದರೂ "ಯಾ, ಯಾ" ಅಂತ ತಲೆ ಆಡಿಸುತ್ತಿದ್ದೆ. ಅರ್ಥವಾಗಲಿಲ್ಲ ಅಂತ ಹೇಳಲು ನಾಚಿಕೆ. ಒಂದು ದಿನ ಬ್ರೆಡ್ಡಿನ ಹಿಟ್ಟಿಗೆ ಉಪ್ಪು ಆಗಲೇ ಬಿದ್ದಿದೆ ಅಂತ ಚೆಫ್ ಹೇಳಿದ್ದು ನನಗೆ ಉಪ್ಪು ಹಾಕು ಅಂತ ಕೇಳಿಸಿತು. ಇಪ್ಪತ್ತು ಕಿಲೋ ಹಿಟ್ಟು ಹಾಳಾಯ್ತು. ಅವರು ಕೂಗಾಡಲಿಲ್ಲ. ಹಿಟ್ಟಿನ ಒಂದು ಚೂರು ಕಿತ್ತು ನನ್ನ ನಾಲಿಗೆಗೆ ಇಟ್ಟರು, ಆಮೇಲೆ ಎರಡೇ ಶಬ್ದ: ನಾಳೆಯಿಂದ ಕೇಳು. ಆ ರಾತ್ರಿ ಒಂದು ನೋಟ್‌ಬುಕ್ ತೆಗೆದೆ. ಇವತ್ತು ಏನು ತಪ್ಪಾಯ್ತು, ಯಾಕಾಯ್ತು, ನಾಳೆ ಯಾರನ್ನು ಕೇಳಬೇಕು ಅಂತ ದಿನಕ್ಕೆ ಮೂರು ಸಾಲು. ಒಂದು ದಿನವೂ ತಪ್ಪಿಸದೆ ಬರೆದೆ. ಆ ಚೆಫ್‌ಗೆ ನನ್ನ ಋಣ ದೊಡ್ಡದು.

ಇನ್ನು ನಮ್ಮ ಭಟ್ರು.

ಮಾಟುಂಗದ ಹೋಟೆಲಿಗೆ ಬಂದವರಿಗೆ ಅಪ್ಪ ಗೊತ್ತು, ಭಟ್ರು ಗೊತ್ತಿಲ್ಲ. ಅವರು ಹೊರಗೆ ಬರುವುದೇ ಇಲ್ಲ. ಉಡುಪಿ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಈಗ ನಲವತ್ತೈದು ವರ್ಷದಿಂದ ಇಡ್ಲಿ ದೋಸೆ ಹಿಟ್ಟು ಅವರ ಕೈಯಲ್ಲೇ. ಬೆಳಿಗ್ಗೆ ನಾಲ್ಕಕ್ಕೆ ಅವರ ಕೆಲಸ ಶುರು. ಆಗ ಫ್ರೈಬುರ್ಗ್‌ನಲ್ಲಿ ರಾತ್ರಿ ಹನ್ನೊಂದೂವರೆ. ನಾನು ಸೈಕಲ್ಲಿನಲ್ಲಿ ರೂಮಿಗೆ ಬಂದು, ಬೆರಳು ಬೆಚ್ಚಗೆ ಮಾಡಿಕೊಂಡು ಹಾಸಿಗೆಯಲ್ಲಿ ಕೂರುವ ಹೊತ್ತು. ಆ ಹೊತ್ತಿನಲ್ಲಿ ಇಡೀ ಮುಂಬಯಿಯಲ್ಲಿ ನನಗೆ ಎಚ್ಚರ ಇದ್ದವರು ಅವರೊಬ್ಬರೇ. ದಿನಾ ಐದು ನಿಮಿಷ ಫೋನ್ ಮಾಡುತ್ತಿದ್ದರು. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ತಮ್ಮ ಕೆಲಸ ತಾವು ಮಾಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಹಬೆ ಮತ್ತು ಅವರ ಮೊಣಕೈ. "ಊಟ ಆಯ್ತಾ ಮಗಾ?" ಅಂತ ಒಂದು ಪ್ರಶ್ನೆ, "ಇವತ್ತು ಎಂತ ಕಲಿತೆ?" ಅಂತ ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಲ್ಲ ಅಂತಲೇ ಎಷ್ಟೋ ದಿನ ಅಡಿಗೆಮನೆಯಲ್ಲಿ ಕಣ್ಣು ಬಿಟ್ಟು ನೋಡಿದ್ದೇನೆ.

ಜನವರಿಯ ಆ ರಾತ್ರಿ ನನ್ನ ಪಾಳಿ ಮುಗಿದಾಗ ಹತ್ತು ಗಂಟೆ, ಇಲ್ಲಿ ಎರಡೂವರೆ. ಅಪ್ಪ ಒಳಗಿದ್ದರು. ಅಮ್ಮನಿಗೆ ಫೋನಿನಲ್ಲಿ ಮಾತೇ ಹೊರಡುತ್ತಿರಲಿಲ್ಲ. ಅಮ್ಮನ ಕೈಯಿಂದ ಭಟ್ರು ಫೋನ್ ತೆಗೆದುಕೊಂಡರು. ಆಸ್ಪತ್ರೆಯ ಕಾರಿಡಾರಿನಲ್ಲಿ, ನೀರಿನ ಕೂಲರಿನ ಪಕ್ಕ ಒಂದು ಪ್ಲಗ್ ಇತ್ತಂತೆ. ವಾರ್ಡ್ ಬಾಯ್ ಹತ್ತಿರ ಚಾರ್ಜರ್ ಕೇಳಿ, ಅಲ್ಲೇ ನೆಲದ ಮೇಲೆ ಗೋಡೆಗೆ ಒರಗಿ ಕೂತರು. ಬೆಳಗಾಗುವವರೆಗೆ ಫೋನ್ ಇಡಲಿಲ್ಲ.

"ಹೆದರಬೇಡ, ಎಲ್ಲ ಸರಿಯಾಗ್ತದೆ" ಅಂತ ಅವರು ಒಂದು ಸಲವೂ ಹೇಳಲಿಲ್ಲ. ಕಂಡದ್ದನ್ನು ಮಾತ್ರ ಹೇಳಿದರು. "ಈಗ ಸಿಸ್ಟರ್ ಒಳಗೆ ಹೋದರು, ಕೈಯಲ್ಲಿ ಬಾಟ್ಲಿ ಉಂಟು." ಸ್ವಲ್ಪ ಹೊತ್ತು ಕೂಲರಿನ ಗುಯ್ ಗುಯ್ ಸದ್ದು. "ಈಗ ಹೊರಗೆ ಬಂದರು, ಅವಸರ ಇಲ್ಲ, ಮೆಲ್ಲಗೆ ನಡೀತಿದ್ದಾರೆ." ಆ "ಮೆಲ್ಲಗೆ" ಅನ್ನುವ ಮಾತನ್ನು ಹಿಡಿದುಕೊಂಡು ನಾನು ಅರ್ಧ ಗಂಟೆ ಉಸಿರಾಡಿದೆ.

ನಡುವೆ ಒಂದು ಸಲ ನನ್ನಿಂದ ತಡೆಯಲಾಗಲಿಲ್ಲ. ನಾನು ಇಲ್ಲಿ ಯಾಕೆ ಬಂದೆ, ಯಾರಿಗೆ ಬೇಕಿತ್ತು ಈ ಕೆಲಸ, ಅಪ್ಪನ ಕೊನೇ ಮುಖ ಫೋನಿನಲ್ಲೇ ನೋಡಬೇಕಾ ಅಂತ ಬಾಯಿಗೆ ಬಂದದ್ದೆಲ್ಲ ಹೇಳಿ ಅತ್ತೆ. ಒಳಗೆ ಹೋಗುವ ಮುಂಚೆ ಅಪ್ಪ "ಅವಳನ್ನು ಕರೆಸಬೇಡಿ" ಅಂದಿದ್ದರು. ನಾನು ಬರಲಿಲ್ಲ. ಅಪ್ಪನ ಮಾತು ಕೇಳಿದೆನೋ, ನನಗೇ ಧೈರ್ಯ ಸಾಲಲಿಲ್ಲವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಭಟ್ರು ಅಳುವವರೆಗೆ ಅಳಲು ಬಿಟ್ಟರು. ಆಮೇಲೆ ದಿನಾ ಕೇಳುವ ಹಾಗೇ ಕೇಳಿದರು: "ಇವತ್ತು ಎಂತ ಕಲಿತೆ?"

ರೈ ಬ್ರೆಡ್ಡಿನ ಹಿಟ್ಟು, ಅಂದೆ. ಹೇಳು, ಅಂದರು. ಮೂಗು ಒರೆಸಿಕೊಂಡು ಹೇಳಿದೆ. ರೈ ಹಿಟ್ಟು ಗೋಧಿಯ ಹಾಗೆ ಎಳೆದರೆ ಹಿಗ್ಗುವುದಿಲ್ಲ, ಹಲಸಿನ ಹಣ್ಣಿನ ಕಡುಬಿನ ಹಿಟ್ಟಿನ ಹಾಗೆ ಕೈಗೆ ಮೆತ್ತುತ್ತದೆ. ಬೇಯುವಾಗ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಒಡೆದು ಹಾಕುತ್ತವೆ, ಬ್ರೆಡ್ ಒಳಗೆ ಅಂಟಂಟಾಗಿ ಉಳಿಯುತ್ತದೆ. ಅದಕ್ಕೇ ಹಿಂದಿನ ದಿನದ ಹುಳಿಹಿಟ್ಟು ಸೇರಿಸುತ್ತಾರೆ, ಸಾಕಷ್ಟು ಹುಳಿ ಇದ್ದರೆ ಕಿಣ್ವ ಸುಮ್ಮನಾಗುತ್ತದೆ. ಅವರು ಪೂರ್ತಿ ಕೇಳಿದರು. "ಹಾಗಾದರೆ ಅಲ್ಲಿ ಹುಳಿ ಬರೀ ರುಚಿಗಲ್ಲ, ಬ್ರೆಡ್ ನಿಲ್ಲುವುದಕ್ಕೆ" ಅಂದರು. ಆಮೇಲೆ ತಮ್ಮ ಹಿಟ್ಟಿನ ವಿಷಯ ತೆಗೆದರು. ಮೇ ತಿಂಗಳಲ್ಲಿ ಮುಂಬಯಿಯ ಸೆಕೆಗೆ ರಾತ್ರಿ ತಡವಾಗಿ ರುಬ್ಬಬೇಕು, ಇಲ್ಲದಿದ್ದರೆ ಬೆಳಗಿನ ಒಳಗೆ ಉಕ್ಕಿ ಹುಳಿ ಹೆಚ್ಚಾಗುತ್ತದೆ. ಜನವರಿಯಲ್ಲಿ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಬೇಕು. ಉದ್ದು ಹಳೆಯದಾದರೆ ಎಷ್ಟು ರುಬ್ಬಿದರೂ ಹಿಟ್ಟು ಅರಳುವುದಿಲ್ಲ. ಮಾತಿನ ನಡುವೆ ತಟ್ಟನೆ ನಿಲ್ಲಿಸಿ, "ಸಿಸ್ಟರ್ ಬಂದರು, ತಾಳು" ಅನ್ನುತ್ತಿದ್ದರು. ಮತ್ತೆ ಉದ್ದು, ಮತ್ತೆ ಸಿಸ್ಟರ್. ಹಾಗೆ ನಾವಿಬ್ಬರೂ ಆ ರಾತ್ರಿ ದಾಟಿದೆವು.

ಇಲ್ಲಿ ಏಳು ಗಂಟೆಗೆ ಡಾಕ್ಟರ್ ಬಂದರು. "ಕಣ್ಣು ಬಿಟ್ಟಿದ್ದಾರೆ. ನೀರು ಕೇಳಿದರಂತೆ" ಅಂದರು ಭಟ್ರು. ಅವರ ದನಿ ನಡುಗಿದ್ದು ಆಗ ಮಾತ್ರ. "ಅಲ್ಲಿ ಈಗ ಎರಡೂವರೆ ಅಲ್ವಾ, ಹೋಗಿ ಮಲಗು. ಆರಕ್ಕೆ ನಿನ್ನ ಹಿಟ್ಟು ಕಾಯ್ತಾ ಇರ್ತದೆ." ಆರಕ್ಕೆ ನಾನು ಅಡಿಗೆಮನೆಯಲ್ಲಿದ್ದೆ. ಅವತ್ತಿನ ಬ್ರೆಡ್ ಚೆನ್ನಾಗಿ ಬಂತು.

ಅಂಥ ಮೂರು ರಾತ್ರಿ ಅವರು ಆಸ್ಪತ್ರೆಯಲ್ಲಿ ಕಳೆದರು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ನಾನು ಬಂದು ನಾಲ್ಕು ದಿನ ಆದ ಮೇಲೆ ಅಮ್ಮ ಅಕ್ಕಿ ಆರಿಸುತ್ತಾ ಇನ್ನೊಂದು ಹೇಳಿದರು. ಅಪ್ಪ ಗಲ್ಲಾದಲ್ಲಿ ಕುಸಿದ ದಿನ ಮಧ್ಯಾಹ್ನ ಭಟ್ರು ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಡಬೇಕಿತ್ತಂತೆ. ಬ್ಯಾಗು ಕಟ್ಟಿ ಇಟ್ಟಿದ್ದರಂತೆ. ಎರಡು ದಿನ ಬಿಟ್ಟು ತಂಗಿಯ ಮಗಳ ಮದುವೆ. ಮದುಮಗಳನ್ನು ಮಂಟಪಕ್ಕೆ ಕರೆತರುವ ಸೋದರಮಾವ ಅವರೊಬ್ಬರೇ. ಆ ಬ್ಯಾಗನ್ನೇ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಅಪ್ಪನ ಜೊತೆ ಆಸ್ಪತ್ರೆಗೆ ಬಂದವರು, ಅದರಲ್ಲಿದ್ದ ಮದುವೆಯ ಹೊಸ ಪಂಚೆಯನ್ನು ಕಾರಿಡಾರಿನಲ್ಲಿ ಅಮ್ಮನಿಗೆ ಹೊದೆಯಲು ಕೊಟ್ಟರಂತೆ. ಆಮೇಲೆ ಎರಡು ತಿಂಗಳು ದಿನಾ ನನ್ನ ಜೊತೆ ಮಾತಾಡಿದರೂ ಈ ವಿಷಯ ಎತ್ತಲಿಲ್ಲ.

ಮರುದಿನ ನಸುಕಿಗೇ ಹೋಟೆಲಿಗೆ ಹೋದೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಮದುವೆ ಆಯ್ತಲ್ಲ ಮಾರಾಯ್ತಿ. ಹುಡುಗಿ ಚೆಂದ ಇದ್ದಾಳೆ, ಫೋಟೋ ಕಳಿಸಿದ್ದಾರೆ" ಅಂತ ಫೋನ್ ತೆಗೆದು ತೋರಿಸಿದರು. ಪರದೆಯ ಮೇಲೆ ಹಿಟ್ಟಿನ ಬೆರಳಿನ ಗುರುತು. ಥ್ಯಾಂಕ್ಸ್ ಅನ್ನುವ ಶಬ್ದ ನನ್ನ ಬಾಯಲ್ಲೇ ಉಳಿಯಿತು, ಅದು ಅವರಿಗೆ ಸಾಲುವ ಶಬ್ದ ಅಲ್ಲ ಅನ್ನಿಸಿತು. ಕೈ ತೊಳೆದುಕೊಂಡು ಅವರ ಪಕ್ಕದಲ್ಲಿ ನಿಂತು ತಟ್ಟೆಗಳಿಗೆ ಹಿಟ್ಟು ಹೊಯ್ದೆ.

ಭಟ್ರಿಗೆ ಇದನ್ನು ಅಪ್ಪ ಓದಿ ಹೇಳುತ್ತಾರೆ, ಆದ್ದರಿಂದ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಟ್ರೇ, ಅರವತ್ತು ದಿನ ಮುಂಚೆ ಬುಕಿಂಗ್ ತೆರೆದ ದಿನ ಬೆಳಿಗ್ಗೆ 8 ಗಂಟೆಗೆ ಸರಿಯಾಗಿ ಕೂತು, ನನ್ನ ಕೊನೆಯ ಸ್ಟೈಪೆಂಡ್ ಹಣದಲ್ಲಿ ನಿಮಗೆ ಜೂನ್ ಮೊದಲ ವಾರದ ಮತ್ಸ್ಯಗಂಧ ಟಿಕೆಟ್ ತೆಗೆದಿದ್ದೇನೆ. ಉಡುಪಿಗೆ, ಲೋವರ್ ಬರ್ತ್. ಹುಡುಗಿ ಗಂಡನ ಜೊತೆ ಆಗ ತವರಿಗೆ ಬರುತ್ತಾಳಂತೆ, ನಿಮ್ಮ ತಂಗಿಗೆ ಫೋನ್ ಮಾಡಿ ಕೇಳಿದ್ದೇನೆ. ಹೋಟೆಲಿನ ಸೇಟು ಹತ್ತು ದಿನ ರಜೆ ಕೊಟ್ಟಿದ್ದಾರೆ. ಆ ಹತ್ತು ದಿನ ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟಿನ ಹತ್ತಿರ ನಾನಿರುತ್ತೇನೆ. ಏನಾದರೂ ತಿಳಿಯದಿದ್ದರೆ ಫೋನ್ ಮಾಡಿ ಕೇಳುತ್ತೇನೆ.